ಮೇಲಿಂಗ್ ಲಿಸ್ಟ್ ಸರ್ವರ್‌ಗೆ ಯಾವ ಬೇಲಿ: ಎಸ್‌ಇಲಿನಕ್ಸೋ, ಆಪ್‌ಆರ್ಮರೋ?

ತೊಗರಿ ರಾಶಿ ಮುಗಿದು ಕಲಬುರಗಿಯ ಗಂಜ್ ಮಾರುಕಟ್ಟೆಗೆ ಚೀಲಗಳು ಬರತೊಡಗುವ ಜನವರಿ ತಿಂಗಳು. ನಾನು ನೋಡಿಕೊಳ್ಳುವ ಒಂದು ಬೆಳೆಗಾರರ ಸಂಘದ ಮೇಲಿಂಗ್ ಲಿಸ್ಟಿನಲ್ಲಿ ಆ ದಿನಗಳಲ್ಲಿ ದಿನಕ್ಕೊಂದಾದರೂ ದರದ ಮೇಲ್ ಹೋಗುತ್ತದೆ. ಹಳ್ಳಿಗಳಲ್ಲಿರುವ ಕಾರ್ಯದರ್ಶಿಗಳು ಆರ್ಕೈವ್ ಪುಟ ತೆರೆದು ಹಿಂದಿನ ವಾರದ ದರದ ಜೊತೆ ತಾಳೆ ನೋಡುತ್ತಾರೆ. ಒಂದು ಬೆಳಿಗ್ಗೆ ಅವರಲ್ಲೊಬ್ಬರ ಫೋನು ಬಂತು: "ಸರ, ಮೇಲ್ ಏನೋ ಬರಲಕತ್ತಾವ್ರಿ. ಆದ್ರ ಮೂರು ದಿನ ಆತು, ಆರ್ಕೈವ್‌ದಾಗ ಒಂದೂ ಕಾಣವಲ್ದು."

ಡಿಸ್ಕಿನಲ್ಲಿ ಜಾಗ ಇತ್ತು. ಲಿಸ್ಟ್ ನಡೆಸುವ ಪ್ರೋಗ್ರಾಂ ಮೇಲ್‌ಮನ್ ಓಡುತ್ತಿತ್ತು. ಅದರ ಎರರ್ ಲಾಗಿನಲ್ಲಿ 'ಪರ್ಮಿಷನ್ ಡಿನೈಡ್' ಎಂದಿತ್ತು, ಆದರೆ ಫೈಲಿನ ಮಾಲೀಕ, ಗುಂಪು, ಮೋಡ್ ಮೂರೂ ಸರಿಯಾಗಿದ್ದವು. ಆಡಿಟ್ ಲಾಗ್ ತೆರೆದಾಗ ವಿಷಯ ಬಯಲಾಯಿತು: ತಡೆದದ್ದು ಎಸ್‌ಇಲಿನಕ್ಸ್, ಮಾಮೂಲಿ ಫೈಲ್ ಅನುಮತಿಯ ಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್ ಹಾಕುವ ಇನ್ನೊಂದು ಬೇಲಿ. ಅದು ಪ್ರತಿ ಫೈಲಿಗೆ ಒಂದು ಲೇಬಲ್, ಪ್ರತಿ ಪ್ರೋಗ್ರಾಮಿಗೆ ಒಂದು ಡೊಮೇನ್ ಕೊಟ್ಟು ಕಾಯುತ್ತದೆ. ತಡೆಯ ಸಾಲಿನಲ್ಲಿ ಮೂಲ ಎಂದಿದ್ದದ್ದು ಮೇಲ್‌ಮನ್‌ನ ಡೊಮೇನ್, ಗುರಿ ಎಂದಿದ್ದದ್ದು 'ಡಿಫಾಲ್ಟ್_ಟಿ' ಎಂಬ ಲೇಬಲ್, ತಡೆದ ಕೆಲಸ 'ರೈಟ್'. ಎರಡು ತಿಂಗಳ ಹಿಂದೆ ಡಿಸ್ಕ್ ತುಂಬಿದಾಗ ಆರ್ಕೈವ್ ಡೈರೆಕ್ಟರಿಯನ್ನು ಆರ್‌ಸಿಂಕ್ ಮಾಡಿ ಹೊಸ ಡಿಸ್ಕಿಗೆ ಸಾಗಿಸಿದ್ದೆವು. ಲೇಬಲ್ ಜೊತೆಗೆ ಬಂದಿರಲಿಲ್ಲ. ಅಂದೇ ತಡೆ ಬಿದ್ದಿದೆ. ನನ್ನ ಜೊತೆ ಕೆಲಸ ಮಾಡುವ ಹುಡುಗ 'ಆಮೇಲೆ ನೋಡೋಣ' ಎಂದು ಎಸ್‌ಇಲಿನಕ್ಸ್‌ನ ತಡೆಯನ್ನೇ ನಿಲ್ಲಿಸುವ 'ಸೆಟ್‌ಎನ್‌ಫೋರ್ಸ್ 0' ಕೊಟ್ಟು ಮುಂದೆ ಹೋಗಿದ್ದಾನೆ. ಆ ಕಮಾಂಡಿನ ಆಯಸ್ಸು ಮುಂದಿನ ರೀಬೂಟ್‌ವರೆಗೆ ಮಾತ್ರ. ಮೂರು ದಿನದ ಹಿಂದೆ ರಾತ್ರಿ ಕರೆಂಟು ಹೋಗಿ, ಯುಪಿಎಸ್ ಬ್ಯಾಟರಿ ಬರಿದಾಗಿ, ಸರ್ವರ್ ಆರಿ ಹೊತ್ತಿಕೊಂಡಿತ್ತು. ಎಸ್‌ಇಲಿನಕ್ಸ್ ಮತ್ತೆ ಎಚ್ಚರವಾಗಿತ್ತು.

ಸರಿಪಡಿಸಲು ಎರಡೇ ಕಮಾಂಡು ಸಾಕಾದವು. 'ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್' ಮೂಲಕ ಹೊಸ ಜಾಗಕ್ಕೆ 'ಮೇಲ್‌ಮನ್_ಆರ್ಕೈವ್_ಟಿ' ಎಂಬ ಲೇಬಲ್ ಬರೆದುಕೊಟ್ಟೆ. 'ರೆಸ್ಟೋರ್‌ಕಾನ್' ಓಡಿಸಿ ಅದನ್ನು ಫೈಲುಗಳಿಗೆ ಅಂಟಿಸಿದೆ. ಆರ್ಕೈವಿಗೆ ಸೇರಲಾಗದ ಮೇಲ್‌ಗಳನ್ನು ಮೇಲ್‌ಮನ್ ಎಸೆದಿರಲಿಲ್ಲ, 'ಶಂಟ್' ಎಂಬ ಕ್ಯೂನಲ್ಲಿ ಎತ್ತಿಟ್ಟಿತ್ತು. 'ಅನ್‌ಶಂಟ್' ಕೊಟ್ಟ ಮೇಲೆ ಮೂರು ದಿನದ ದರಪಟ್ಟಿಯೂ ತನ್ನ ತನ್ನ ದಿನಾಂಕಕ್ಕೆ ಹೋಗಿ ಕೂತಿತು.

ಆದರೆ ಸಂಘದ ಸಭೆಯಲ್ಲಿ ಬಂದ ಮಾತು ಬೇರೆ: "ಆ ಎಸ್‌ಇಲಿನಕ್ಸ್ ತೆಗೆದೇ ಬಿಡ್ರಲ್ಲ." ಇನ್ನೊಬ್ಬರು, "ಉಬುಂಟುದಾಗ ಇಷ್ಟು ತ್ರಾಸ ಇಲ್ಲಂತ್ರಿ" ಅಂದರು. ಉಬುಂಟು ಲಿನಕ್ಸ್‌ನಲ್ಲಿ ಬರುವುದು ಇಂಥದೇ ಇನ್ನೊಂದು ಬೇಲಿ, ಆಪ್‌ಆರ್ಮರ್. ಎರಡೂ ನ್ಯಾಯವಾದ ಪ್ರಶ್ನೆಗಳೇ. ಬೀದರ್, ಯಾದಗಿರಿ ಕಡೆಯ ಕಾಲೇಜುಗಳಲ್ಲಿ ಸರ್ವರ್ ನೋಡುವ ಗೆಳೆಯರೂ ಇದನ್ನೇ ಕೇಳುತ್ತಿರುತ್ತಾರೆ. ಅವರಿಗೆ ಬಾಯಲ್ಲಿ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬೇಲಿಯೇ ಬೇಡವೆಂದರೆ

ಮೇಲಿಂಗ್ ಲಿಸ್ಟ್ ಪ್ರೋಗ್ರಾಂ ಮಾಡುವ ಕೆಲಸವನ್ನು ಸ್ವಲ್ಪ ಯೋಚಿಸಿ. ಲೋಕದ ಯಾವ ಮೂಲೆಯಿಂದ ಯಾರು ಮೇಲ್ ಕಳಿಸಿದರೂ ಅದು ಒಳಗೆ ತೆಗೆದುಕೊಳ್ಳುತ್ತದೆ. ಬಿಚ್ಚುತ್ತದೆ, ಅಟ್ಯಾಚ್‌ಮೆಂಟ್ ಬೇರೆ ಮಾಡುತ್ತದೆ, ಆರ್ಕೈವಿಗೆ ಬರೆಯುತ್ತದೆ, ಸಾವಿರಾರು ಜನಕ್ಕೆ ಮರಳಿ ಕಳಿಸುತ್ತದೆ. ಜೊತೆಗೆ ಒಂದು ವೆಬ್ ಮುಖವೂ ಇರುತ್ತದೆ. ನಮ್ಮ ಕಡೆ ಒಂದು ಸರ್ವರಿಗೆ ಒಂದೇ ಕೆಲಸ ಇರುವುದು ಅಪರೂಪ. ಅದೇ ಯಂತ್ರದಲ್ಲಿ ಕಾಲೇಜಿನ ಫಲಿತಾಂಶದ ಪುಟ, ಹೊರಹೋಗುವ ಮೇಲಿಗೆ ಸಹಿ ಹಾಕುವ ಡಿಕೆಐಎಂ ಖಾಸಗಿ ಕೀ, ಯಾರದೋ ಬ್ಯಾಕಪ್ ಎಲ್ಲ ಇರುತ್ತವೆ.

ಲಿನಕ್ಸ್‌ನ ಮಾಮೂಲಿ ಅನುಮತಿ ವ್ಯವಸ್ಥೆಯಲ್ಲಿ ಫೈಲಿನ ಮಾಲೀಕನೇ ಯಜಮಾನ. ಮೇಲ್‌ಮನ್ ಬಳಕೆದಾರನಾಗಿ ಓಡುವ ಪ್ರೋಗ್ರಾಂ ಯಾರ ವಶಕ್ಕಾದರೂ ಹೋದರೆ, ಎಲ್ಲರಿಗೂ ಓದಲು ತೆರೆದಿರುವ ಪ್ರತಿ ಫೈಲನ್ನೂ ಅವರು ಓದಬಹುದು, ಕೈಗೆ ಸಿಕ್ಕ ಪ್ರೋಗ್ರಾಮನ್ನು ಓಡಿಸಬಹುದು. ಕಡ್ಡಾಯ ಪ್ರವೇಶ ನಿಯಂತ್ರಣ ಅದರ ಒಳಗಿನ ಎರಡನೇ ಬಾಗಿಲು. ಬೀದರ್ ಕೋಟೆಗೆ ಹೋದವರಿಗೆ ಗೊತ್ತು: ಶಾರ್ಜಾ ದರ್ವಾಜಾ ದಾಟಿದರೂ ಕೋಟೆ ಸಿಗುವುದಿಲ್ಲ, ಮುಂದೆ ಗುಂಬಜ್ ದರ್ವಾಜಾ ನಿಂತಿರುತ್ತದೆ. ಕರ್ನಲ್ ಕೂಡ ಹೀಗೇ ಮೊದಲು ಮಾಮೂಲಿ ಅನುಮತಿ ನೋಡುತ್ತದೆ. ಅಲ್ಲಿ ಪಾಸಾದರೆ ಮಾತ್ರ ಎಸ್‌ಇಲಿನಕ್ಸ್ ಅಥವಾ ಆಪ್‌ಆರ್ಮರ್ ಅನ್ನು ಕೇಳುತ್ತದೆ. ಆ ಎರಡನೇ ಬಾಗಿಲಿನ ನಿಯಮವನ್ನು ಬೇಲಿಯೊಳಗಿನ ಪ್ರೋಗ್ರಾಂ ತಾನೇ ಬದಲಿಸಲಾಗದು, ರೂಟ್ ಆಗಿ ಓಡುತ್ತಿದ್ದರೂ ಅಷ್ಟೆ. ಈ ಸರದಿಯಿಂದ ಕೆಲಸಕ್ಕೆ ಬರುವ ಒಂದು ಗುಟ್ಟೂ ಸಿಗುತ್ತದೆ. ತಡೆ ಬಿದ್ದಿದೆ, ಆದರೆ ಆಡಿಟ್ ಲಾಗಿನಲ್ಲಿ ಏನೂ ಇಲ್ಲ ಎಂದರೆ ಮೊದಲ ಬಾಗಿಲಲ್ಲೇ ನಿಂತಿರುವ ಸಾಧ್ಯತೆ ಹೆಚ್ಚು. ಫೈಲಿನ ಮೋಡ್ ನೋಡಿ.

ಬೇಲಿ ಎಲ್ಲಿವರೆಗೆ ಕಾಯುತ್ತದೆ, ಎಲ್ಲಿ ಕಾಯುವುದಿಲ್ಲ ಎಂದು ತಿಳಿಯಲು 2005ರ ಫೆಬ್ರವರಿಯ ಪ್ರಕರಣದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಮೇಲ್‌ಮನ್ 2.1ರ ಖಾಸಗಿ ಆರ್ಕೈವ್ ತೋರಿಸುವ ಸಿಜಿಐ (ವೆಬ್ ಸರ್ವರ್ ಕರೆದು ಓಡಿಸುವ) ಪ್ರೋಗ್ರಾಂನಲ್ಲಿ ಪಾಥ್ (ಫೈಲಿನ ವಿಳಾಸ) ಅನ್ನು ಸರಿಯಾಗಿ ಶುದ್ಧ ಮಾಡದ ದೋಷವಿತ್ತು. ವಿಳಾಸದಲ್ಲಿ ಚುಕ್ಕಿ ಮತ್ತು ಸ್ಲ್ಯಾಶ್‌ಗಳನ್ನು ಜೋಡಿಸಿ ಹೊರಗಿನವರು ಸರ್ವರಿನ ಫೈಲುಗಳನ್ನು ಓದಬಹುದಾಗಿತ್ತು. ಭದ್ರತೆಯ ವಿಷಯಕ್ಕೇ ಹೆಸರಾಗಿದ್ದ 'ಫುಲ್ ಡಿಸ್‌ಕ್ಲೋಷರ್' ಲಿಸ್ಟಿನ ಸದಸ್ಯರ ಪಾಸ್‌ವರ್ಡ್‌ಗಳು ಇದೇ ದಾರಿಯಲ್ಲಿ ಹೋದವು. ಮೇಲ್‌ಮನ್ 2 ಸದಸ್ಯರ ಪಾಸ್‌ವರ್ಡನ್ನು ಲಿಸ್ಟಿನ ಕಾನ್ಫಿಗ್ ಫೈಲಿನಲ್ಲಿ ಹಾಗೆಯೇ, ಗೂಢಲಿಪಿ ಇಲ್ಲದೆ ಇಡುತ್ತಿತ್ತು. ಅಲ್ಲಿ ಎಸ್‌ಇಲಿನಕ್ಸ್ ಇದ್ದಿದ್ದರೆ? ಉಳಿದವರ ಹೋಮ್ ಡೈರೆಕ್ಟರಿಗಳನ್ನು ಅದು ಕಾಪಾಡುತ್ತಿತ್ತು. ಆದರೆ ಲಿಸ್ಟಿನ ಕಾನ್ಫಿಗ್ ಫೈಲನ್ನು ಓದುವುದು ಆ ಸಿಜಿಐಗೆ ದಿನನಿತ್ಯದ ಕೆಲಸ. ಅದನ್ನು ಯಾವ ನಿಯಮವೂ ತಡೆಯುತ್ತಿರಲಿಲ್ಲ. ಬೇಲಿಯ ಒಳಗೇ ಇಟ್ಟ ನಿಧಿಯನ್ನು ಬೇಲಿ ಕಾಯುವುದಿಲ್ಲ. ಹಾಗಾಗಿ ಯಾವ ಬೇಲಿ ಎಂಬುದಕ್ಕಿಂತ ಮೊದಲು, ಗೆರೆಯನ್ನು ಎಲ್ಲಿ ಎಳೆಯುತ್ತೀರಿ ಎಂದು ಕೇಳಿಕೊಳ್ಳಬೇಕು.

ಚೀಲದ ಗುರುತು, ಅಂಗಡಿಯ ವಿಳಾಸ

ಎರಡೂ ಸಾಧನಗಳ ನಡುವಿನ ಮೂಲ ವ್ಯತ್ಯಾಸವನ್ನು ಗಂಜಿನ ಲೆಕ್ಕದಲ್ಲಿ ಹೇಳಬಹುದು. ತೊಗರಿ ಚೀಲದ ಮೇಲೆ ಲಾಟಿನ ಗುರುತು ಬರೆದಿರುತ್ತಾರೆ. ಚೀಲ ಯಾವ ಅಂಗಡಿಗೆ ಹೋದರೂ ಗುರುತು ಅದರ ಮೇಲೇ ಇರುತ್ತದೆ. ಎಸ್‌ಇಲಿನಕ್ಸ್ ನೋಡುವುದು ಈ ಗುರುತನ್ನು. ಪ್ರತಿ ಫೈಲಿಗೆ ಒಂದು ಲೇಬಲ್, ಪ್ರತಿ ಪ್ರೋಗ್ರಾಮಿಗೆ ಒಂದು ಡೊಮೇನ್, ಯಾವ ಡೊಮೇನ್ ಯಾವ ಲೇಬಲನ್ನು ಮುಟ್ಟಬಹುದು ಎಂಬ ಪಟ್ಟಿ. ಆಪ್‌ಆರ್ಮರ್ ನೋಡುವುದು ಅಂಗಡಿಯ ವಿಳಾಸವನ್ನು: ಈ ಪ್ರೋಗ್ರಾಂ ಈ ಪಾಥ್‌ನಲ್ಲಿರುವುದನ್ನು ಓದಬಹುದು, ಆ ಪಾಥ್‌ನಲ್ಲಿ ಬರೆಯಬಹುದು.

ಇದರಿಂದ ಇಬ್ಬರ ತೊಂದರೆಗಳೂ ಬೇರೆ. ಎಸ್‌ಇಲಿನಕ್ಸ್‌ನಲ್ಲಿ ಹೋಮ್ ಡೈರೆಕ್ಟರಿಯಿಂದ 'ಎಂವಿ' ಮಾಡಿದ ಫೈಲು ತನ್ನ ಹಳೆಯ ಲೇಬಲನ್ನೇ ಹೊತ್ತು ಬರುತ್ತದೆ, 'ಸಿಪಿ' ಮಾಡಿದರೆ ಹೊಸ ಡೈರೆಕ್ಟರಿಯ ಲೇಬಲ್ ಪಡೆಯುತ್ತದೆ. ಬ್ಯಾಕಪ್‌ನಿಂದ ತಿರುಗಿ ಹಾಕಿದಾಗ ಲೇಬಲ್ ಕಳೆದುಹೋಗಿರಬಹುದು. ಆಪ್‌ಆರ್ಮರ್‌ಗೆ ಈ ರಗಳೆ ಇಲ್ಲ. ಫೈಲು ಹೇಗೇ ಬರಲಿ, ಸರಿಯಾದ ಜಾಗದಲ್ಲಿ ಕೂತರೆ ಸಾಕು. ಆದರೆ ಡಿಸ್ಕ್ ಬದಲಾಗಿ ಪಾಥ್ ಬದಲಾದರೆ ಅದರ ನಿಯಮದ ಫೈಲನ್ನು, ಅಂದರೆ ಪ್ರೊಫೈಲನ್ನು, ತಿದ್ದಬೇಕು. ಸಿಂಬಾಲಿಕ್ ಲಿಂಕ್ ಹಾಕಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದು ನೋಡುವುದು ಕೊನೆಗೆ ಸಿಕ್ಕುವ ನಿಜವಾದ ಪಾಥ್ ಅನ್ನು.

ಹುಟ್ಟನ್ನು ಹೇಳಿ ಮುಂದೆ ಹೋಗುತ್ತೇನೆ. ಎಸ್‌ಇಲಿನಕ್ಸ್ ಅನ್ನು ಅಮೆರಿಕದ ಎನ್‌ಎಸ್‌ಎ 2000ದ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು, 2003ರಲ್ಲಿ 2.6 ಕರ್ನಲ್‌ನೊಳಗೆ ಸೇರಿತು. ಆಪ್‌ಆರ್ಮರ್ ಇಮ್ಯುನಿಕ್ಸ್ ಕಂಪನಿಯ 'ಸಬ್‌ಡೊಮೇನ್' ಆಗಿ ಶುರುವಾಗಿ, 2005ರಲ್ಲಿ ನೊವೆಲ್ ಕೈಗೆ ಹೋಗಿ, 2010ರಲ್ಲಿ 2.6.36 ಕರ್ನಲ್ ಸೇರಿತು. ರೆಡ್ ಹ್ಯಾಟ್, ಫೆಡೋರಾ, ಆಲ್ಮಾ, ರಾಕಿ ಇವೆಲ್ಲ ಎಸ್‌ಇಲಿನಕ್ಸ್ ಮನೆತನ. ಉಬುಂಟು, ಮತ್ತು 2019ರ ಡೆಬಿಯನ್ 10ರಿಂದ ಡೆಬಿಯನ್ ಕೂಡ, ಆಪ್‌ಆರ್ಮರ್ ಮನೆತನ. ಬಹುಕಾಲ ಆಪ್‌ಆರ್ಮರ್ ಜೊತೆಗಿದ್ದ ಓಪನ್‌ಸೂಸೆಯ ಟಂಬಲ್‌ವೀಡ್ 2025ರ ಫೆಬ್ರವರಿಯಿಂದ ಹೊಸ ಇನ್‌ಸ್ಟಾಲ್‌ಗಳಿಗೆ ಎಸ್‌ಇಲಿನಕ್ಸ್ ಹಿಡಿದಿದೆ. ಸ್ಮ್ಯಾಕ್, ಟೊಮೊಯೊ ಎಂಬ ಇನ್ನೆರಡು ಬೇಲಿಗಳೂ ಕರ್ನಲ್‌ನಲ್ಲಿವೆ. ಲಿಸ್ಟ್ ಸರ್ವರಿಗೆ ಅವುಗಳ ಗೊಡವೆಗೆ ಹೋಗಬೇಡಿ. ಸಿದ್ಧ ನಿಯಮವೂ ಸಿಗದು, ತೊಡಕಾದಾಗ ಕೇಳಲು ಜನವೂ ಸಿಗರು.

ಎಸ್‌ಇಲಿನಕ್ಸ್: ಬರೆದಿಟ್ಟ ನಿಯಮ ಸಿಗುತ್ತದೆ, ಆದರೆ ಹಳೆಯ ಮನೆಗೆ

ಎಸ್‌ಇಲಿನಕ್ಸ್ ಪಾಲಿಸಿಯಲ್ಲಿ ಮೇಲ್‌ಮನ್‌ಗಾಗಿ ಮೊದಲಿನಿಂದಲೂ ಒಂದು ಮಾಡ್ಯೂಲ್ ಇದೆ. ಅದರ ಚೆಂದ ಇರುವುದು ಗೆರೆ ಎಳೆದ ರೀತಿಯಲ್ಲಿ. ಮೇಲ್‌ಮನ್ ಅನ್ನು ಒಂದೇ ಮುದ್ದೆಯಾಗಿ ನೋಡದೆ ಮೂರು ಡೊಮೇನ್ ಮಾಡಿದ್ದಾರೆ: ಸರ್ವರಿನ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ಪ್ರೋಗ್ರಾಮಿನಿಂದ ಮೇಲ್ ತೆಗೆದುಕೊಳ್ಳುವ ಭಾಗಕ್ಕೆ ಒಂದು, ಕ್ಯೂ ಕೆಲಸಕ್ಕೆ ಒಂದು, ವೆಬ್ ಸಿಜಿಐಗೆ ಒಂದು. ಫೈಲುಗಳಿಗೂ ಡೇಟಾ, ಆರ್ಕೈವ್, ಲಾಗ್, ಲಾಕ್ ಎಂದು ಬೇರೆ ಬೇರೆ ಲೇಬಲ್. ಮೇಲ್‌ಮನ್ 2ರಲ್ಲಿ ಪೋಸ್ಟ್‌ಫಿಕ್ಸ್ ಒಂದು ಸಣ್ಣ ರ‍್ಯಾಪರ್ ಪ್ರೋಗ್ರಾಮಿಗೆ ಮೇಲನ್ನು ಪೈಪ್ ಮಾಡುತ್ತದೆ. ಆ ಫೈಲಿನ ಮೇಲಿನ ಲೇಬಲ್ ನೋಡಿ ಕರ್ನಲ್ ಅಲ್ಲೇ ಡೊಮೇನ್ ಬದಲಿಸುತ್ತದೆ. ಪೋಸ್ಟ್‌ಫಿಕ್ಸ್‌ನ ಹಕ್ಕು ಮೇಲ್‌ಮನ್‌ಗೆ ಹರಿಯುವುದಿಲ್ಲ, ಮೇಲ್‌ಮನ್‌ನ ಹಕ್ಕು ಪೋಸ್ಟ್‌ಫಿಕ್ಸ್‌ಗೆ ಹರಿಯುವುದಿಲ್ಲ. ಇಷ್ಟು ಸೂಕ್ಷ್ಮವಾದ ಗೆರೆಯನ್ನು ನೀವು ಕೂತು ಬರೆಯಬೇಕಾಗಿದ್ದರೆ ವಾರಗಟ್ಟಲೆ ಹಿಡಿಯುತ್ತಿತ್ತು.

ಬೆಲೆ ಏನು? ತಡೆ ಬಿದ್ದಾಗ ಬರುವ ಸಾಲು ಒರಟು. ಅದನ್ನು ಓದಲು ಕಲಿಯದವರು 'ಆಡಿಟ್-ಟು-ಅಲೌ' ಎಂಬ ಸಾಧನದತ್ತ ಓಡುತ್ತಾರೆ. ಲಾಗ್ ಕೊಟ್ಟರೆ ಅದು ಅನುಮತಿಯ ನಿಯಮವನ್ನು ತಾನೇ ಬರೆದುಕೊಡುತ್ತದೆ. ನಮ್ಮ ತೊಗರಿ ಸಂಘದ ಪ್ರಕರಣದಲ್ಲಿ ಅದನ್ನು ಓಡಿಸಿದ್ದರೆ ಏನಾಗುತ್ತಿತ್ತು ನೋಡಿ: 'ಮೇಲ್‌ಮನ್ ಡೊಮೇನ್ ಡಿಫಾಲ್ಟ್_ಟಿ ಲೇಬಲಿನಲ್ಲಿ ಬರೆಯಬಹುದು' ಎಂಬ ನಿಯಮ ಹುಟ್ಟುತ್ತಿತ್ತು. ಡಿಫಾಲ್ಟ್_ಟಿ ಎಂದರೆ ಯಾರೂ ಹೆಸರಿಡದ ಜಾಗ. ಆ ಯಂತ್ರದಲ್ಲಿ ಹೆಸರಿಡದೆ ಬಿಟ್ಟ ಪ್ರತಿ ಡೈರೆಕ್ಟರಿಯೂ, ಬ್ಯಾಕಪ್ ಸೇರಿ, ಮೇಲ್‌ಮನ್‌ಗೆ ತೆರೆದುಬಿಡುತ್ತಿತ್ತು. ಆರ್ಕೈವ್ ಮಾತ್ರ ಸರಿಹೋಗಿರುತ್ತಿತ್ತು, ಎಲ್ಲರೂ ಸಮಾಧಾನ ಪಡುತ್ತಿದ್ದರು. ಆದ್ದರಿಂದ ನನ್ನ ಜೊತೆ ಕೆಲಸ ಮಾಡುವವರಿಗೆ ಹೇಳಿಟ್ಟಿದ್ದೇನೆ: ಮೊದಲು ಗುರಿಯ ಲೇಬಲ್ ಸರಿಯಿದೆಯೇ ನೋಡಿ, ಆಮೇಲೆ ಬೂಲಿಯನ್ (ಸಿದ್ಧ ನಿಯಮವನ್ನು ಆನ್-ಆಫ್ ಮಾಡುವ ಗುಂಡಿ) ಏನಾದರೂ ಇದೆಯೇ ನೋಡಿ, ಹೊಸ ನಿಯಮ ಕೊನೆಯ ದಾರಿ. ಲಾಗಿನಲ್ಲಿ ಏನೂ ಕಾಣದೆ ತಡೆ ಮಾತ್ರ ಬೀಳುತ್ತಿದ್ದರೆ, ಪಾಲಿಸಿಯೇ ಕೆಲವು ತಡೆಗಳನ್ನು ದಾಖಲಿಸಬೇಡ ಎಂದು ಬಚ್ಚಿಟ್ಟಿರಬಹುದು. 'ಸೆಮಾಡ್ಯೂಲ್ -ಡಿಬಿ' (ದೊಡ್ಡ ಅಕ್ಷರಗಳಲ್ಲಿ) ಕೊಟ್ಟರೆ ಅವೂ ಕಾಣುತ್ತವೆ. ನೋಡಿದ ಮೇಲೆ 'ಸೆಮಾಡ್ಯೂಲ್ -ಬಿ' (ಇದೂ ದೊಡ್ಡ ಅಕ್ಷರ) ಕೊಟ್ಟು ಮೊದಲಿನಂತೆ ಮಾಡಿ.

ಇಡೀ ಎಸ್‌ಇಲಿನಕ್ಸ್ ಆರಿಸುವ ಅಗತ್ಯ ಎಂದೂ ಇಲ್ಲ. 'ಸೆಮ್ಯಾನೇಜ್ ಪರ್ಮಿಸಿವ್' ಮೂಲಕ ಮೇಲ್‌ಮನ್‌ನ ಒಂದು ಡೊಮೇನನ್ನು ಮಾತ್ರ ಸಡಿಲ ಬಿಡಬಹುದು. ಅದು ಬರೇ ದಾಖಲಿಸುತ್ತದೆ, ತಡೆಯುವುದಿಲ್ಲ, ಉಳಿದದ್ದೆಲ್ಲ ಬಿಗಿಯಾಗೇ ಇರುತ್ತದೆ. ನಮ್ಮ ಹುಡುಗನಿಗೆ ಅಂದು ಈ ಒಂದು ಕಮಾಂಡು ಗೊತ್ತಿದ್ದರೆ ಸಾಕಾಗಿತ್ತು. ಅದನ್ನು ಹೇಳಿಕೊಡಬೇಕಾಗಿದ್ದವನು ನಾನು.

ಈಗ ದೊಡ್ಡ ಮಾತು. ಆ ಸಿದ್ಧ ಮಾಡ್ಯೂಲ್ ಮೇಲ್‌ಮನ್ 2ರ ಮೈಕಟ್ಟಿಗೆ ಹೊಲಿದದ್ದು. 2015ರಲ್ಲಿ ಬಂದ ಮೇಲ್‌ಮನ್ 3 ಬೇರೆಯೇ ಮನೆ. ಅಲ್ಲಿ ಪೈಪ್ ಇಲ್ಲ, ಪೋಸ್ಟ್‌ಫಿಕ್ಸ್ ಎಲ್‌ಎಂಟಿಪಿ ಎಂಬ ಮೇಲ್ ಒಪ್ಪಿಸುವ ವಿಧಾನದ ಮೂಲಕ 8024ನೇ ಪೋರ್ಟಿಗೆ ಮೇಲ್ ಕೊಡುತ್ತದೆ. ಸಿಜಿಐ ಇಲ್ಲ, ಪೋಸ್ಟೋರಿಯಸ್ ಮತ್ತು ಹೈಪರ್‌ಕಿಟ್ಟಿ ಎಂಬ ಜ್ಯಾಂಗೋ ವೆಬ್ ಅಪ್ಲಿಕೇಶನ್‌ಗಳು 8001ನೇ ಪೋರ್ಟಿನ ರೆಸ್ಟ್ ಬಾಗಿಲಿನಿಂದ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ವೆಬ್ ದಾರಿ) ಮೇಲ್‌ಮನ್‌ನ ಮೂಲ ಭಾಗವಾದ ಕೋರ್ ಜೊತೆ ಮಾತಾಡುತ್ತವೆ. ಎಸ್‌ಇಲಿನಕ್ಸ್‌ಗೆ ಪೋರ್ಟಿಗೂ ಲೇಬಲ್ ಬೇಕು. ಹಾಗಾಗಿ ಪೋಸ್ಟ್‌ಫಿಕ್ಸ್ 8024ಕ್ಕೆ ಹೋಗುವಲ್ಲೇ ತಡೆ ಬಿದ್ದರೆ ಆಶ್ಚರ್ಯಪಡಬೇಡಿ. ಇನ್ನೂ ಮೋಸದ ಸಂಗತಿ ಮುಂದಿದೆ.

'ಎನ್‌ಫೋರ್ಸಿಂಗ್' ಎಂದು ಬರುತ್ತದೆ, ಆದರೆ ಬೇಲಿ ಇಲ್ಲ

ಮೇಲ್‌ಮನ್ 3 ಅನ್ನು ಬಹಳಷ್ಟು ಜನ 'ಆಪ್ಟ್' ಡೈರೆಕ್ಟರಿಯ ಕೆಳಗೆ ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ ಪಿಪ್‌ನಿಂದ ಹಾಕುತ್ತಾರೆ. ಎಸ್‌ಇಲಿನಕ್ಸ್ ಕಣ್ಣಿಗೆ ಆ ಜಾಗದ ಪ್ರೋಗ್ರಾಂಗಳು ಸಾಧಾರಣ ಪ್ರೋಗ್ರಾಂಗಳು, ಮೇಲ್‌ಮನ್ ಎಂಬ ಗುರುತೇ ಅವಕ್ಕಿಲ್ಲ. ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಅಂಥದ್ದನ್ನು ಶುರು ಮಾಡಿದಾಗ ಅದು 'ಅನ್‌ಕನ್‌ಫೈನ್ಡ್_ಸರ್ವಿಸ್_ಟಿ' ಎಂಬ ಡೊಮೇನಿಗೆ ಹೋಗುತ್ತದೆ. ಹೆಸರೇ ಹೇಳುವಂತೆ, ಕಟ್ಟಿಲ್ಲದ್ದು. 'ಗೆಟ್‌ಎನ್‌ಫೋರ್ಸ್' ಕೇಳಿದರೆ 'ಎನ್‌ಫೋರ್ಸಿಂಗ್' ಎಂದು ಉತ್ತರ ಬರುತ್ತದೆ. ನಿಮ್ಮ ಲಿಸ್ಟ್ ಸರ್ವರ್ ಮಾತ್ರ ಬಯಲಲ್ಲಿ ಓಡುತ್ತಿರುತ್ತದೆ. 'ಯಾವ ತಡೆಯೂ ಬರ್ತಿಲ್ಲ, ಎಲ್ಲ ಸಸೂತ್ರ' ಎಂದು ಗೆಳೆಯರೊಬ್ಬರು ಹೇಳಿದಾಗ ನಾನು ಮೊದಲು ಕೇಳುವುದು ಇದನ್ನೇ: ಪಿಎಸ್ ಕಮಾಂಡಿಗೆ ದೊಡ್ಡ ಝಡ್ ಸೇರಿಸಿ, ಯಾವ ಡೊಮೇನಿನಲ್ಲಿ ಓಡುತ್ತಿದೆ ಎಂದು ನೋಡಿದಿರಾ?

ಆಪ್‌ಆರ್ಮರ್‌ನಲ್ಲೂ ಇದೇ ಕಥೆ. ಪ್ರೊಫೈಲ್ ಇಲ್ಲದ ಪ್ರೋಗ್ರಾಮಿಗೆ ಬೇಲಿಯೇ ಇಲ್ಲ. ಉಬುಂಟುದಲ್ಲಿ ತ್ರಾಸ ಇಲ್ಲ ಎಂದು ಸಭೆಯಲ್ಲಿ ಹೇಳಿದ ಹಿರಿಯರ ಮಾತು ನಿಜ, ಆದರೆ ಅದರ ಕಾರಣ ಇದು. 'ಎಎ-ಸ್ಟೇಟಸ್' ಕೊಟ್ಟು ಮೇಲ್‌ಮನ್ ಹೆಸರು ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಆಪ್‌ಆರ್ಮರ್ ಇದ್ದೂ ನಿಮ್ಮ ಪಾಲಿಗೆ ಇಲ್ಲ.

ಪೈಥಾನ್‌ನಿಂದ ಬರುವ ಒಂದು ತೊಡಕು ಎರಡಕ್ಕೂ ಸಮಾನ. ಸ್ಕ್ರಿಪ್ಟನ್ನು ನೇರವಾಗಿ ಓಡಿಸಿದರೆ ಸ್ಕ್ರಿಪ್ಟಿನ ಲೇಬಲ್ ಅಥವಾ ಪಾಥ್ ಲೆಕ್ಕಕ್ಕೆ ಬರುತ್ತದೆ. 'ಪೈಥಾನ್3' ಎಂದು ಬರೆದು ಮುಂದೆ ಸ್ಕ್ರಿಪ್ಟಿನ ಹೆಸರು ಕೊಟ್ಟರೆ ಲೆಕ್ಕಕ್ಕೆ ಬರುವುದು ಪೈಥಾನ್. ಹೇಗೆ ಓಡಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಯೂನಿಟ್ ಫೈಲಿನಲ್ಲಿ ಯಾವ ರೀತಿ ಬರೆದಿದೆ ಎಂದು ಒಮ್ಮೆ ತೆರೆದು ನೋಡಿ.

ಆಪ್‌ಆರ್ಮರ್: ಕೈಯಾರೆ ಬರೆಯಬೇಕು, ಆದರೆ ಓದಿದರೆ ಅರ್ಥವಾಗುತ್ತದೆ

ಆಪ್‌ಆರ್ಮರ್‌ನ ದೊಡ್ಡ ಗುಣ ಅದರ ಪ್ರೊಫೈಲ್ ಫೈಲು. ಒಂದು ಪಾಥ್, ಅದರ ಮುಂದೆ ಒಂದೆರಡು ಅಕ್ಷರ. ಮೊದಲ ಸಲ ನೋಡುವವರಿಗೂ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮೇಲ್‌ಮನ್ 3ಕ್ಕೆ ಸಿದ್ಧ ಪ್ರೊಫೈಲನ್ನು ನೆಚ್ಚಿ ಕೂರಬೇಡಿ, ನೀವೇ ಬರೆದುಕೊಳ್ಳಿ. ಡೆಬಿಯನ್ ಪ್ಯಾಕೇಜಿನಲ್ಲಿ ಡೇಟಾ 'ವಾರ್ ಲಿಬ್ ಮೇಲ್‌ಮನ್3' ಕೆಳಗೆ, ಲಾಗ್ 'ವಾರ್ ಲಾಗ್ ಮೇಲ್‌ಮನ್3' ಕೆಳಗೆ, ಕಾನ್ಫಿಗ್ 'ಇಟಿಸಿ ಮೇಲ್‌ಮನ್3' ಕೆಳಗೆ ಇರುತ್ತದೆ. ಜಾಗಗಳು ಇಷ್ಟು ಅಚ್ಚುಕಟ್ಟಾಗಿರುವುದರಿಂದ ಪಾಥ್ ನೋಡುವ ಸಾಧನಕ್ಕೆ ಕೆಲಸ ಸುಲಭ.

ಎಡವುವುದು ಮೂರು ಕಡೆ. ಮೂರರಲ್ಲೂ ಎಡವಿದ ಮೇಲೇ ನನಗೆ ಗೊತ್ತಾದದ್ದು. ಒಂದು, ಮೇಲ್‌ಮನ್‌ನ ಮಾಸ್ಟರ್ ಪ್ರೋಗ್ರಾಂ ತನ್ನ ರನ್ನರ್‌ಗಳನ್ನು ಪೈಥಾನ್ ಮೂಲಕ ಹುಟ್ಟಿಸುತ್ತದೆ: ಒಳಬರುವ ಮೇಲಿಗೆ ಒಂದು, ಹೊರಹೋಗುವುದಕ್ಕೆ ಒಂದು, ಬೌನ್ಸ್‌ಗೆ (ತಲುಪದೆ ಮರಳುವ ಮೇಲಿಗೆ) ಒಂದು, ಆರ್ಕೈವ್‌ಗೆ ಒಂದು, ಹೀಗೆ. ಹಾಗಾಗಿ ಪೈಥಾನ್ ಫೈಲಿನ ಮುಂದೆ 'ಐಎಕ್ಸ್' ಎಂದು ಬರೆಯಬೇಕು. ಆಗ ಮಕ್ಕಳೂ ತಾಯಿಯ ಪ್ರೊಫೈಲಿನಲ್ಲೇ ಇರುತ್ತವೆ. ಇಲ್ಲಿ 'ಯುಎಕ್ಸ್' ಎಂದು ಬರೆದರೆ ಎಲ್ಲ ರನ್ನರ್‌ಗಳೂ ಬೇಲಿ ಹಾರಿ ಹೋದ ಹಾಗೆ. ಎರಡು, ಲಾಕ್. ಮೇಲ್‌ಮನ್ ಲಾಕ್ ಹಿಡಿಯುವುದು ಹಾರ್ಡ್ ಲಿಂಕ್ ಮಾಡಿ. ಲಾಕ್ಸ್ ಡೈರೆಕ್ಟರಿಗೆ ಓದು, ಬರಹ ಕೊಟ್ಟರೆ ಸಾಲದು, ಲಿಂಕಿನ 'ಎಲ್' ಅಕ್ಷರವೂ ಬೇಕು. ಡೇಟಾಬೇಸ್ ಎಸ್‌ಕ್ಯೂಲೈಟ್ ಆಗಿದ್ದರೆ ಆ ಫೈಲಿಗೆ ಫೈಲ್ ಲಾಕಿನ 'ಕೆ' ಅಕ್ಷರ ಬೇಕು, ಪಕ್ಕದಲ್ಲಿ ಜರ್ನಲ್ ಫೈಲ್ ಹುಟ್ಟಿಸಲೂ ಅನುಮತಿ ಬೇಕು. ಮೂರು, ಪೋಸ್ಟ್‌ಮ್ಯಾಪ್. ಹೊಸ ಲಿಸ್ಟ್ ಹುಟ್ಟಿದಾಗ ಅಥವಾ ಹಳೆಯದನ್ನು ಅಳಿಸಿದಾಗ ಮೇಲ್‌ಮನ್ ಕೋರ್ ಪೋಸ್ಟ್‌ಫಿಕ್ಸ್‌ನ ನಕ್ಷೆ ಫೈಲುಗಳನ್ನು ಮತ್ತೆ ಬರೆಯುತ್ತದೆ. ಹ್ಯಾಶ್ ಬಗೆಯ ನಕ್ಷೆಯಾದರೆ ಪೋಸ್ಟ್‌ಮ್ಯಾಪ್ ಎಂಬ ಹೊರಗಿನ ಪ್ರೋಗ್ರಾಮನ್ನೂ ಕರೆಯುತ್ತದೆ. ಕಲಿಕೆಯ ದಿನಗಳಲ್ಲಿ ಯಾರೂ ಹೊಸ ಲಿಸ್ಟ್ ಮಾಡದಿದ್ದರೆ ಈ ಅನುಮತಿ ಪ್ರೊಫೈಲಿಗೆ ಬರುವುದೇ ಇಲ್ಲ. ಮುಂದೆ ಯಾವಾಗಲೋ ಲಿಸ್ಟ್ ಮಾಡಲು ಹೋದಾಗ ಅದು ಅರ್ಧಕ್ಕೆ ನಿಲ್ಲುತ್ತದೆ.

ಆದ್ದರಿಂದ ಕಲಿಕೆಯ ಅವಧಿಯ ಬಗ್ಗೆ ಒತ್ತಿ ಹೇಳುತ್ತೇನೆ. ಪ್ರೊಫೈಲನ್ನು 'ಕಂಪ್ಲೇನ್' ಮೋಡಿನಲ್ಲಿ ಹಾಕಿ, 'ಎಎ-ಲಾಗ್‌ಪ್ರೊಫ್' ಓಡಿಸಿ, ಅದು ಕೇಳುವ ಪ್ರತಿ ಪ್ರಶ್ನೆಯನ್ನೂ ಓದಿ ಉತ್ತರಿಸಿ. ಎರಡು ದಿನ ನೋಡಿ ಬಿಗಿ ಮಾಡಿಬಿಡಬೇಡಿ. ಒಂದು ಪರೀಕ್ಷೆಯ ಲಿಸ್ಟ್ ಹುಟ್ಟಿಸಿ, ಅಳಿಸಿ. ಇಲ್ಲದ ವಿಳಾಸವೊಂದನ್ನು ಸೇರಿಸಿ ಬೌನ್ಸ್ ಬರುವ ಹಾಗೆ ಮಾಡಿ. ಡೈಜೆಸ್ಟ್ ಕಳಿಸಿ. ಕನ್ನಡದ ಹೆಸರಿರುವ ಪಿಡಿಎಫ್ ಅಟ್ಯಾಚ್ ಮಾಡಿ ಕಳಿಸಿ. ಮುಖ್ಯವಾಗಿ ಒಂದು ತಿಂಗಳ ಬದಲಾವಣೆಯನ್ನು ದಾಟಿಸಿ. ಮೇಲ್‌ಮನ್ 2ರ ಪಾಸ್‌ವರ್ಡ್ ನೆನಪೋಲೆಗಳು ತಿಂಗಳ 1ನೇ ತಾರೀಖಿಗೇ ಹೋಗುತ್ತವೆ, ಲಾಗ್ ರೊಟೇಶನ್, ಬ್ಯಾಕಪ್‌ಗಳೂ ತಮ್ಮದೇ ಲಯದಲ್ಲಿ ಬರುತ್ತವೆ. ಎಸ್‌ಇಲಿನಕ್ಸ್‌ನ ಪರ್ಮಿಸಿವ್ ಡೊಮೇನಿಗೂ ಇದೇ ಮಾತು ಅನ್ವಯ.

ಆಪ್‌ಆರ್ಮರ್ ಸೋಲುವುದು ನೆಟ್‌ವರ್ಕ್ ವಿಷಯದಲ್ಲಿ. 'ಟಿಸಿಪಿ ಬಳಸಬಹುದು' ಎಂಬ ಮಟ್ಟದಲ್ಲಿ ಹೇಳುವುದು ಸುಲಭ, 'ಈ ಪೋರ್ಟಿಗೆ ಮಾತ್ರ' ಎನ್ನುವುದು ಸಾಮಾನ್ಯ ಸರ್ವರ್‌ಗಳಲ್ಲಿ ಎಸ್‌ಇಲಿನಕ್ಸ್‌ನಷ್ಟು ಪಳಗಿದ ದಾರಿಯಲ್ಲ. ಆ ಭಾಗವನ್ನು ಫೈರ್‌ವಾಲ್‌ಗೆ ಒಪ್ಪಿಸಿ.

ಸಿಸ್ಟಮ್‌ಡಿ, ಕಂಟೇನರ್

ಇವೆರಡರ ಜೊತೆಗೆ ಸಿಸ್ಟಮ್‌ಡಿ ಯೂನಿಟ್ ಫೈಲಿನಲ್ಲೇ ಒಂದಿಷ್ಟು ಬಿಗಿ ಮಾಡಬಹುದು. 'ಪ್ರೊಟೆಕ್ಟ್‌ಸಿಸ್ಟಮ್' ಅನ್ನು 'ಸ್ಟ್ರಿಕ್ಟ್' ಮಾಡಿ, ಬರೆಯಬೇಕಾದ ಡೈರೆಕ್ಟರಿಗಳನ್ನು ಮಾತ್ರ 'ರೀಡ್‌ರೈಟ್‌ಪಾಥ್ಸ್' ಎಂದು ಕೊಟ್ಟರೆ ನಾಲ್ಕು ಸಾಲಿನಲ್ಲಿ ಬಹಳ ಕೆಲಸವಾಗುತ್ತದೆ. ಎರಡೂ ಮನೆತನಗಳಲ್ಲಿ ಒಂದೇ ರೀತಿ ನಡೆಯುತ್ತದೆ. ಸಮಯವೇ ಇಲ್ಲದವರು ಇಂದೇ ಇಷ್ಟು ಮಾಡಿ. ಆದರೆ 'ನೋನ್ಯೂಪ್ರಿವಿಲೆಜಸ್' ಹಾಕುವ ಮೊದಲು ನಿಲ್ಲಿ. ಅದು ಸೆಟ್‌ಜಿಐಡಿ ಹಕ್ಕನ್ನು, ಅಂದರೆ ಪ್ರೋಗ್ರಾಂ ತನ್ನ ಫೈಲಿನ ಗುಂಪಿನ ಅಧಿಕಾರದಲ್ಲಿ ಓಡುವುದನ್ನು, ಕೊಲ್ಲುತ್ತದೆ. ಮೇಲ್‌ಮನ್ 3 ಮೇಲನ್ನು ಎಸ್‌ಎಂಟಿಪಿ ಮೂಲಕ ಕೊಡುವುದರಿಂದ ಅದಕ್ಕೆ ತೊಂದರೆ ಇಲ್ಲ. ಸಿಂಪಾದಂತೆ 'ಸೆಂಡ್‌ಮೇಲ್' ಕಮಾಂಡ್ ಕರೆದು ಮೇಲ್ ಕಳಿಸುವ ಸಾಫ್ಟ್‌ವೇರ್ ಆದರೆ, ಪೋಸ್ಟ್‌ಫಿಕ್ಸ್‌ನ ಪೋಸ್ಟ್‌ಡ್ರಾಪ್ ಸೆಟ್‌ಜಿಐಡಿ ನಂಬಿಕೊಂಡಿರುವುದರಿಂದ ಹೊರಹೋಗುವ ಮೇಲ್ ನಿಂತುಬಿಡುತ್ತದೆ.

ಡಾಕರ್‌ನಂಥ ಕಂಟೇನರಿನಲ್ಲಿ (ಪ್ರೋಗ್ರಾಮಿಗೆ ಕಟ್ಟಿಕೊಟ್ಟ ಪ್ರತ್ಯೇಕ ಡಬ್ಬಿ) ಓಡಿಸುವವರಿಗೆ ಆಯ್ಕೆ ಬಹುಮಟ್ಟಿಗೆ ಆಗಿಯೇ ಹೋಗಿರುತ್ತದೆ. ಉಬುಂಟುದಲ್ಲಿ 'ಡಾಕರ್-ಡಿಫಾಲ್ಟ್' ಎಂಬ ಆಪ್‌ಆರ್ಮರ್ ಪ್ರೊಫೈಲ್ ತಾನಾಗಿ ಬೀಳುತ್ತದೆ, ರೆಡ್ ಹ್ಯಾಟ್ ಕಡೆ ಪಾಡ್‌ಮನ್‌ಗೆ ಕಂಟೇನರ್ ಡೊಮೇನ್ ಬೀಳುತ್ತದೆ. ಅಲ್ಲಿ ವಾಲ್ಯೂಮ್ ಕೊಡುವಾಗ ಲೇಬಲ್ ಸರಿಹೋಗಲು ಕೊನೆಗೆ ದೊಡ್ಡ ಝಡ್ ಸೇರಿಸುವುದನ್ನು ಮರೆಯಬೇಡಿ.

ಇವು ಯಾವುದೂ ಮುಟ್ಟದ ಜಾಗವೂ ಇದೆ. 2021ರಲ್ಲಿ ಮೇಲ್‌ಮನ್ 2.1.35 ಸರಿಪಡಿಸಿದ ದೋಷಗಳಲ್ಲಿ ಲಿಸ್ಟಿನ ಸಾಮಾನ್ಯ ಸದಸ್ಯ ವೆಬ್ ಪುಟದ ಟೋಕನ್ ಲೋಪ ಬಳಸಿ ಆಡಳಿತಗಾರನ ಹಕ್ಕು ಪಡೆಯುವ ದಾರಿ ಇತ್ತು. ಪ್ರೋಗ್ರಾಂ ತನಗೆ ಅನುಮತಿ ಇದ್ದ ಕೆಲಸವನ್ನೇ ಮಾಡುತ್ತಿತ್ತು, ಕರ್ನಲ್‌ಗೆ ಅದರಲ್ಲಿ ತಪ್ಪು ಕಾಣುವುದು ಹೇಗೆ? ಮೇಲ್‌ಮನ್ 3ರಲ್ಲೂ ವೆಬ್ ಭಾಗದ ಕೈಯಲ್ಲಿ ಕೋರ್‌ನ ರೆಸ್ಟ್ ಪಾಸ್‌ವರ್ಡ್ ಇರುತ್ತದೆ. ವೆಬ್ ಬಿದ್ದರೆ ಸದಸ್ಯರ ಪಟ್ಟಿ ಹೋಗುತ್ತದೆ. ಮೂಲ ಕಾನ್ಫಿಗ್‌ನ 'ರೆಸ್ಟ್‌ಪಾಸ್' ಎಂಬ ಡೀಫಾಲ್ಟ್ ಪಾಸ್‌ವರ್ಡ್ ಹಾಗೇ ಉಳಿದಿದ್ದರೆ ಇಂದೇ ಬದಲಿಸಿ. ಕೋರ್‌ಗೆ ಒಂದು ಪ್ರೊಫೈಲ್, ವೆಬ್‌ಗೆ ಇನ್ನೊಂದು ಬರೆಯಿರಿ. ವೆಬ್ ಬಿದ್ದಾಗ ಡಿಕೆಐಎಂ ಕೀ, ಕ್ಯೂ, ಮೇಲ್‌ಮನ್‌ನ ಕೋಡ್ ಆದರೂ ಉಳಿಯುತ್ತವೆ.

ನಿಮ್ಮ ಸರ್ವರಿಗೆ ಯಾವುದು

ಡಿಸ್ಟ್ರಿಬ್ಯೂಷನ್ ತಾನಾಗಿ ಯಾವುದನ್ನು ಕೊಟ್ಟಿದೆಯೋ ಅದನ್ನೇ ಹಿಡಿಯಿರಿ. ಡೆಬಿಯನ್ ಮೇಲೆ ಎಸ್‌ಇಲಿನಕ್ಸ್ ಹಾಕುವ ಸಾಹಸಕ್ಕೆ ಹೋಗಬೇಡಿ, ಆಲ್ಮಾ ಮೇಲೆ ಆಪ್‌ಆರ್ಮರ್ ಹುಡುಕಬೇಡಿ. ಹೊಸ ಸರ್ವರ್ ಕಟ್ಟುತ್ತಿದ್ದು ಆಯ್ಕೆ ನಿಮ್ಮದೇ ಆಗಿದ್ದರೆ ಮಾತ್ರ ಈ ಪ್ರಶ್ನೆ ಕೇಳಿಕೊಳ್ಳಿ: ರಾತ್ರಿ ಹತ್ತಕ್ಕೆ ಮೇಲ್ ನಿಂತಾಗ ತಡೆಯ ಸಾಲನ್ನು ಓದಿ ಅರ್ಥ ಮಾಡಿಕೊಳ್ಳುವವರು ನಿಮ್ಮಲ್ಲಿ ಎಷ್ಟು ಜನ? ಒಬ್ಬರೇ ಇದ್ದು, ಅವರೂ ಬೇರೆ ಕೆಲಸದ ನಡುವೆ ಇದನ್ನು ನೋಡುವವರಾದರೆ ಡೆಬಿಯನ್, ಮೇಲ್‌ಮನ್ 3, ಆಪ್‌ಆರ್ಮರ್. ಅವರು ರಜೆ ಹಾಕಿದರೂ ಪ್ರೊಫೈಲ್ ಫೈಲನ್ನು ಇನ್ನೊಬ್ಬರು ತೆರೆದು ಓದಬಹುದು. ಒಂದೇ ಯಂತ್ರದಲ್ಲಿ ಹತ್ತು ವಿಭಾಗದ ಹತ್ತು ಸೇವೆ ಓಡುವ ದೊಡ್ಡ ಕಾಲೇಜು, ವಿಶ್ವವಿದ್ಯಾಲಯಗಳಿಗೆ ಎಸ್‌ಇಲಿನಕ್ಸ್‌ನ ಶಿಸ್ತು ಬೇಕೇ ಬೇಕು. ಅಲ್ಲಿ ಪೋಸ್ಟ್‌ಫಿಕ್ಸ್, ಅಪಾಚೆ, ಡೇಟಾಬೇಸ್ ಎಲ್ಲಕ್ಕೂ ಪರೀಕ್ಷೆಗೊಳಗಾದ ನಿಯಮ ಮೊದಲೇ ಸಿಗುತ್ತದೆ. ಮೇಲ್‌ಮನ್ 3 ಒಂದಕ್ಕೆ ಮಾಡ್ಯೂಲ್ ಬರೆಯುವ ಶ್ರಮ ಮಾತ್ರ ನಿಮ್ಮ ಪಾಲು.

ಇನ್ನೂ ಸೆಂಟ್‌ಒಎಸ್ 7ರ ಮೇಲೆ ಮೇಲ್‌ಮನ್ 2 ಓಡಿಸುತ್ತಿರುವವರಿಗೆ ಬೇರೆ ಮಾತು. ಸೆಂಟ್‌ಒಎಸ್ 7ಕ್ಕೆ 2024ರ ಜೂನ್ 30ಕ್ಕೆ ಬೆಂಬಲ ಮುಗಿಯಿತು. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಮುಗಿದಿತ್ತು. ಸಾಗಿಸಲು ಸಮಯ ಬೇಕು ಎಂಬುದು ನನಗೂ ಗೊತ್ತು. ಅಲ್ಲಿಯವರೆಗೆ ಎಸ್‌ಇಲಿನಕ್ಸ್ ಆರಿಸಬೇಡಿ. ಪ್ಯಾಚ್ ಬರದ ಯಂತ್ರದಲ್ಲಿ ನಿಮ್ಮ ಕೈಯಲ್ಲಿ ಉಳಿದಿರುವ ಗಟ್ಟಿ ಬಾಗಿಲು ಅದು.

ನಮ್ಮ ತೊಗರಿ ಸಂಘ ಈಗ ಅದೇ ಸಾಗಾಣಿಕೆಯಲ್ಲಿದೆ. ನಾನು, ಆ ಹುಡುಗ, ಇಬ್ಬರೇ ನೋಡಿಕೊಳ್ಳುವುದರಿಂದ ಡೆಬಿಯನ್ ಮತ್ತು ಆಪ್‌ಆರ್ಮರ್ ಆರಿಸಿಕೊಂಡೆವು. ಕೋರ್‌ನ ಪ್ರೊಫೈಲ್ ಅವನು ಬರೆದ, ವೆಬ್‌ದು ನಾನು ಬರೆದೆ, ಒಬ್ಬರದ್ದನ್ನು ಇನ್ನೊಬ್ಬರು ಓದಿ ತಿದ್ದಿದೆವು. ಲಾಕಿನ 'ಎಲ್' ಅಕ್ಷರ ಅವನ ಕಣ್ಣಿಗೇ ಮೊದಲು ಬಿತ್ತು. ಸದ್ಯ ಎರಡೂ ಕಂಪ್ಲೇನ್ ಮೋಡಿನಲ್ಲಿವೆ. ಬರುವ ತಿಂಗಳ 1ನೇ ತಾರೀಖು ದಾಟಿ, ಅಂದಿನ ಲಾಗ್ ಓದಿ, ಸಂಜೆ ಗಂಜು ಮುಚ್ಚಿದ ಮೇಲೆ ಬಿಗಿ ಮಾಡುತ್ತೇವೆ.